ಹಳೆಯ ಮಿಲಿಟರಿ ಲಾರಿಗಳ ಪುನರುದ್ಧಾರ: ಕೋಲಾರ ಸೀಮೆಯ ಹಿನ್ನೆಲೆಯಲ್ಲಿ

ಸೇನೆಯ ಸೇವೆ ಮುಗಿಸಿ ಹರಾಜಾಗಿ, ಎಲ್ಲೋ ನಿಂತು ತುಕ್ಕು ಹಿಡಿದ ಲಾರಿಯನ್ನು ಅದರ ಮೂಲ ರೂಪ ಕೆಡದಂತೆ ಮತ್ತೆ ಓಡುವ ಸ್ಥಿತಿಗೆ ತರುವ ಕಸುಬೇ ಪುನರುದ್ಧಾರ. ಎಂಜಿನ್, ಗೇರ್‌ಬಾಕ್ಸ್ ಮತ್ತು ಬಣ್ಣ ಇದರ ಮೂರು ಮುಖ್ಯ ಅಂಗಗಳು. ಸಾಮಾನ್ಯ ರಿಪೇರಿಯಲ್ಲಿ ಗಾಡಿ ಓಡಿದರೆ ಸಾಕು. ಸಿಕ್ಕ ಭಾಗ ಹಾಕಬಹುದು, ಹೊಂದದ್ದನ್ನು ಕತ್ತರಿಸಿ ಬೆಸುಗೆ ಹಾಕಬಹುದು. ಪುನರುದ್ಧಾರದಲ್ಲಿ ಮೂಲ ಭಾಗವನ್ನು ಉಳಿಸುವುದು ಮೊದಲ ಕರ್ತವ್ಯ, ಬದಲಿಸುವುದು ಕೊನೆಯ ದಾರಿ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ರೂಪಿಸಿದ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ಎಷ್ಟು ಅಗತ್ಯವೋ ಅಷ್ಟೇ ಕೈ ಹಾಕಬೇಕು, ಮಾಡಿದ್ದನ್ನೆಲ್ಲ ದಾಖಲಿಸಬೇಕು. ಆ ಒಕ್ಕೂಟದ ಲೆಕ್ಕದಲ್ಲಿ 30 ವರ್ಷ ದಾಟಿದ ವಾಹನ ಐತಿಹಾಸಿಕ ಎನಿಸಿಕೊಳ್ಳಬಲ್ಲದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಈ ಸೀಮೆಗೆ ವಿಷಯ ದೂರದ್ದಲ್ಲ. ಚಿನ್ನದ ಗಣಿ, ಭಾರಿ ಯಂತ್ರಗಳ ಕಾರ್ಖಾನೆ, ಹೆದ್ದಾರಿಯ ಲಾರಿ ಸಾಗಣೆ ಈ ಮೂರೂ ಸೇರಿ ಇಲ್ಲಿ ಕಬ್ಬಿಣದ ಕೆಲಸ ಬಲ್ಲ ಕೈಗಳನ್ನು ಬೆಳೆಸಿವೆ. ಇಲ್ಲಿನ ನೀರು, ಗಾಳಿ, ದೂಳುಗಳೂ ಕೆಲಸದ ರೀತಿಯನ್ನು ನಿರ್ಧರಿಸುತ್ತವೆ.

ಲಾರಿಗಳ ಪೀಳಿಗೆಗಳು

ಭಾರತದಲ್ಲಿ ಸಿಗುವ ಹಳೆಯ ಮಿಲಿಟರಿ ಲಾರಿಗಳನ್ನು ಸ್ಥೂಲವಾಗಿ ಮೂರು ಪೀಳಿಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ಎರಡನೆಯ ಮಹಾಯುದ್ಧದ್ದು. ಕೆನಡಾ ದೇಶ ಮಿತ್ರರಾಷ್ಟ್ರಗಳಿಗಾಗಿ ತಯಾರಿಸಿದ 8 ಲಕ್ಷಕ್ಕೂ ಮೀರಿದ ಮಿಲಿಟರಿ ವಾಹನಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ಮಾದರಿಯ, ಮೊಂಡು ಮೂತಿಯ ಫೋರ್ಡ್ ಮತ್ತು ಷೆವ್ರೊಲೆ ಲಾರಿಗಳು. ಇವುಗಳ ಜೊತೆ ಅಮೆರಿಕದ ಜಿಎಂಸಿ, ಡಾಜ್ ಲಾರಿಗಳೂ ಭಾರತಕ್ಕೆ ಬಂದವು. ಯುದ್ಧ ಮುಗಿದ ಮೇಲೆ ಇಂಥ ಗಾಡಿಗಳು ಹರಾಜಾಗಿ ಖಾಸಗಿಯವರ ಕೈ ಸೇರಿದವು. ಪಶ್ಚಿಮ ಘಟ್ಟದ ಕಾಡುದಾರಿಗಳಲ್ಲಿ ಮರದ ದಿಮ್ಮಿ ಎಳೆಯಲು ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಈ ಲಾರಿಗಳೇ ಬೇಕಾಗಿದ್ದವು. ಹಲವು ಗಾಡಿಗಳ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಲಾಯಿತು.

ಎರಡನೆಯದು ಜಬಲ್ಪುರದ ಪೀಳಿಗೆ. ಜರ್ಮನಿಯ ಮ್ಯಾನ್ ಸಂಸ್ಥೆಯ ಪರವಾನಗಿಯಡಿ 1959ರಿಂದ 1996ರವರೆಗೆ ತಯಾರಾದ ಶಕ್ತಿಮಾನ್ ಲಾರಿ ಮೂರು ದಶಕಕ್ಕೂ ಹೆಚ್ಚು ಕಾಲ ಭಾರತೀಯ ಸೇನೆಯ ಭಾರ ಹೊತ್ತಿತು. ನಿಸ್ಸಾನ್ ವಿನ್ಯಾಸದ ಒಂದು ಟನ್ ಲಾರಿಯೂ ಅದೇ ಬಳಗದ ಜೋಂಗಾ ಜೀಪೂ ಜಬಲ್ಪುರದವೇ. ಜೋಂಗಾದಲ್ಲಿರುವುದು 3,956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್.

ಮೂರನೆಯದು ಟಾಟ್ರಾ ಮತ್ತು ಸ್ಟಾಲಿಯನ್‌ಗಳ ಪೀಳಿಗೆ. ಬೆಮೆಲ್ ಸಂಸ್ಥೆ 1986ರ ಒಪ್ಪಂದದಂತೆ ಆಗಿನ ಚೆಕೊಸ್ಲೊವಾಕಿಯದ ಟಾಟ್ರಾ ಲಾರಿಗಳನ್ನು ಸೇನೆಗೆ ಒದಗಿಸತೊಡಗಿತು. ಕ್ಷಿಪಣಿ ಮತ್ತು ಪಿನಾಕ ರಾಕೆಟ್‌ಗಳ ಉಡಾವಣಾ ವಾಹನಗಳು ಇದೇ ಚಾಸಿಯ ಮೇಲೆ ನಿಂತವು. ಶಕ್ತಿಮಾನ್ ಜಾಗವನ್ನು ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ತುಂಬಿತು. ಮೊದಲ ಟಾಟ್ರಾಗಳಿಗೆ ಈಗ 30 ವರ್ಷ ದಾಟಿದೆ. ಗುಜರಿಯವರ ಕೈಗೆ ಹೋಗಿ ಕರಗುವ ಮುನ್ನ ಅವುಗಳತ್ತ ಗಮನ ಹರಿಯಬೇಕಾದ ಕಾಲ ಇದು.

ಸೀಮೆಯ ನೆಲೆ

ಕೋಲಾರ ಚಿನ್ನದ ಗಣಿಗೆ (ಕೆಜಿಎಫ್) ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ನೆಲದೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಂಥ ಗಣಿಯನ್ನು ನಡೆಸಲು ಪಂಪು, ಕಂಪ್ರೆಸರ್, ತೊಟ್ಟಿಲು ಎಳೆಯುವ ರಾಟೆಯಂತ್ರ ಎಲ್ಲವೂ ಹಗಲಿರುಳು ಸುಸ್ಥಿತಿಯಲ್ಲಿರಬೇಕಿತ್ತು. ಫಿಟ್ಟರ್, ಟರ್ನರ್, ಮೋಲ್ಡರ್‌ಗಳ ತಲೆಮಾರುಗಳೇ ಅಲ್ಲಿ ಬೆಳೆದವು. 1964ರಲ್ಲಿ ಬೆಮೆಲ್ ಹುಟ್ಟಿತು. ಅದರ ಕೆಜಿಎಫ್ ಕಾರ್ಖಾನೆ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳಿಗೆ ಹೆಸರಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಹೋಯಿತು, ಆದರೆ ಕೆಲಸದ ತಿಳಿವಳಿಕೆ ಜನರ ಬಳಿಯೇ ಉಳಿಯಿತು.

ಬೆಂಗಳೂರು–ಚೆನ್ನೈ ಹಳೆಯ ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 75, ಕೋಲಾರ ಮತ್ತು ಮುಳಬಾಗಿಲುಗಳನ್ನು ಹಾದು ನಂಗಲಿಯ ಬಳಿ ಆಂಧ್ರದ ಗಡಿ ಸೇರುತ್ತದೆ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ–ಹೆಂಚು ಎಲ್ಲಕ್ಕೂ ಲಾರಿಯೇ ಆಧಾರ. ಹಾಗಾಗಿ ಲೇತ್, ಕಮಾನು ಪಟ್ಟಿ, ಟಿಂಕರಿಂಗ್, ಟೈರಿನ ಕೆಲಸಗಳು ಈ ಊರುಗಳಿಗೆ ಹೊಸವಲ್ಲ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಕಡೆ ಮೆಕ್ಯಾನಿಕ್ಕಿಗೆ ಬಿಡುವಿರದು. ನಿಧಾನವಾಗಿ ಆಗಬೇಕಾದ ಇಂಥ ಕೆಲಸಕ್ಕೆ ಸುಗ್ಗಿ ಕಳೆದ ತಿಂಗಳುಗಳೇ ಸರಿ. ಮಾಲೂರಿಗೆ ಹೊಸೂರು ಹತ್ತಿರ. ಅಲ್ಲಿ 1980ರಿಂದ ಅಶೋಕ್ ಲೇಲ್ಯಾಂಡ್ ಕಾರ್ಖಾನೆಯಿದೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯ ಸಾಮಾನಿಗೆ ಶಿವಾಜಿನಗರ, ಗೇರು ಕಡಿಸಲು ಪೀಣ್ಯ, ಡೀಸೆಲ್ ಪಂಪಿನ ವಿಚಾರಕ್ಕೆ 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೊ ಕಾರ್ಖಾನೆಯ ಪರಂಪರೆ: ಎಲ್ಲವೂ ಒಂದು ದಿನದ ಓಡಾಟದೊಳಗೆ ಇವೆ. ಸೇನಾ ವಾಹನಗಳ ದುರಸ್ತಿಯ ಹೊಣೆ ಹೊತ್ತ ಇಎಂಇ ದಳ ಭಾರತದಲ್ಲಿ ರೂಪುಗೊಂಡದ್ದು 1943ರ ಅಕ್ಟೋಬರ್ 15ರಂದು. ಅದರ ದೊಡ್ಡ ಕಾರ್ಯಾಗಾರಗಳಲ್ಲೊಂದಾದ 515 ಆರ್ಮಿ ಬೇಸ್ ವರ್ಕ್‌ಶಾಪ್ ಬೆಂಗಳೂರಿನಲ್ಲೇ ಇದೆ.

ಮೊದಲ ಪರೀಕ್ಷೆ

ಪಾನಾ ಹಿಡಿಯುವ ಮೊದಲು ಕ್ಯಾಮೆರಾ ಹಿಡಿಯಬೇಕು. ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಬೋಲ್ಟಿನ ತಲೆ ಯಾವ ಕಡೆಗಿದೆ, ವೈರು ಯಾವ ರಂಧ್ರ ದಾಟಿದೆ ಎಂಬುದೆಲ್ಲ ಚಿತ್ರಗಳಲ್ಲಿ ಉಳಿಯಬೇಕು. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಬೇಕು. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ತಯಾರಕರ ತಗಡುಫಲಕಗಳನ್ನು ಕಾಗದ ಇಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆಯಬೇಕು. ಸೇನೆಯ ನೋಂದಣಿ ಸಂಖ್ಯೆಯಲ್ಲಿ ಬಾಣದ ಗುರುತಿನ ನಂತರ ಬರುವ ಎರಡು ಅಂಕಿಗಳು ವರ್ಷವನ್ನು ಹೇಳುತ್ತವೆ. ಹಳೆಯ ಬಣ್ಣದ ಅಡಿಯಲ್ಲಿ ಅದರ ನೆರಳು ಸಿಕ್ಕರೂ ಗಾಡಿಯ ಚರಿತ್ರೆಗೆ ಒಂದು ಹಿಡಿ ಸಿಕ್ಕಂತೆ.

ಮಳೆ ಕಡಿಮೆಯಿರುವ ಕೋಲಾರದಲ್ಲಿ ತುಕ್ಕು ಕರಾವಳಿಯಷ್ಟು ವೇಗವಾಗಿ ಹರಡುವುದಿಲ್ಲ. ಆದರೆ ಮಣ್ಣು ತುಂಬಿದ ಚಾಸಿ ಸಂದು, ಕ್ಯಾಬಿನ್ನಿನ ಮೂಲೆ, ಬ್ಯಾಟರಿ ಪೆಟ್ಟಿಗೆಯ ತಳ ಇಲ್ಲೂ ತಿಂದುಹೋಗಿರುತ್ತವೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಲೋಹದ ದನಿ ಬೇರೆ, ಸವೆದ ಲೋಹದ ದನಿ ಬೇರೆ.

ಎಂಜಿನ್

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಸೆಲ್ಫ್ ಹೊಡೆದೋ ಇನ್ನೊಂದು ಲಾರಿಗೆ ಕಟ್ಟಿ ಎಳೆದೋ ಚಾಲೂ ಮಾಡಲು ಹೋಗುವುದೇ ಅತಿ ದೊಡ್ಡ ಹಾನಿ. ತುಕ್ಕು ಹಿಡಿದ ರಿಂಗ್ ಮುರಿಯುತ್ತದೆ, ಅಂಟಿಕೊಂಡ ವಾಲ್ವಿನ ರಾಡ್ ಬಾಗುತ್ತದೆ. ಪ್ಲಗ್ ಅಥವಾ ನಾಝಲ್ ತೆಗೆದು ಸಿಲಿಂಡರುಗಳಿಗೆ ಡೀಸೆಲ್ ಬೆರೆಸಿದ ತೆಳು ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ತುಸುತುಸು ಆಡಿಸಬೇಕು. ಬಿಡದಿದ್ದರೆ ಹೆಡ್ ಇಳಿಸುವುದೇ ದಾರಿ.

ಹೆಡ್ ಇಳಿದ ಮೇಲೆ ಅಳತೆಯ ಕೆಲಸ. ಸಿಲಿಂಡರಿನ ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಅಡ್ಡ–ಉದ್ದ ಎರಡು ದಿಕ್ಕಿನಲ್ಲಿ ಅಳೆಯಬೇಕು. ಸವೆತ ಮಿತಿಯೊಳಗಿದ್ದರೆ ಹೊಸ ರಿಂಗ್ ಸಾಕು. ಮೀರಿದ್ದರೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಇಲ್ಲವೆ ಸ್ಲೀವ್ ಕೂರಿಸಿ ಮೂಲ ಅಳತೆಗೆ ತರಬೇಕು. ಸ್ಲೀವ್ ದುಬಾರಿಯಾದರೂ ಬ್ಲಾಕನ್ನು ಇನ್ನೊಂದು ತಲೆಮಾರಿಗೆ ಉಳಿಸಿಕೊಡುತ್ತದೆ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದರೆ ಅದಕ್ಕೆ ತಕ್ಕ ಅಂಡರ್‌ಸೈಜ್ ಮೆಟಲ್ ಬೇಕು.

ಪ್ರತಿ ಎಂಜಿನ್ನಿಗೂ ಅದರದೇ ಗುಣವಿದೆ. ಕೆನಡಾ ಫೋರ್ಡಿನ ವಿ8 ಎಂಜಿನ್ 3.9 ಲೀಟರಿನದು, ವಾಲ್ವುಗಳು ಬ್ಲಾಕಿನಲ್ಲೇ ಇರುವ ವಿನ್ಯಾಸ. ಹೊಗೆಯ ದಾರಿ ಬ್ಲಾಕಿನ ನೀರಿನ ಕೋಶಗಳ ನಡುವೆಯೇ ಹಾದುಹೋಗುವುದರಿಂದ ಅದು ಬೇಗ ಬಿಸಿಯೇರುತ್ತದೆ. ವಾಲ್ವ್ ಸೀಟಿನಿಂದ ಸಿಲಿಂಡರಿಗೆ ಬಿರುಕು ಬಿಡುವುದು ಅದರ ಪರಿಚಿತ ರೋಗ. ಬೋರಿಗೆ ಕೊಡುವ ಮುನ್ನ ಬಣ್ಣದ ದ್ರವ ಸವರಿ ಬಿರುಕಿನ ಪರೀಕ್ಷೆ ಮಾಡಿಸದಿದ್ದರೆ ಖರ್ಚೆಲ್ಲ ನೀರುಪಾಲು. ಷೆವ್ರೊಲೆಯ 3.5 ಲೀಟರ್ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗು ಅಚ್ಚು ಹೊಯ್ದ ಬಿಳಿಲೋಹದ್ದು. ಅದಕ್ಕೆ ಎಣ್ಣೆ ಸಿಡಿಸುವ ಪದ್ಧತಿಯಲ್ಲಿ ತಲುಪುತ್ತದೆ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಂದಿನ ಎಂಜಿನ್ನಿಗಿಂತ ಬಹಳ ಕೆಳಗಿರುವುದು ಅಲ್ಲಿ ಸಹಜ. ಬಿಳಿಲೋಹ ಹೊಯ್ದು ಕೊರೆದು ಕೂರಿಸುವ ವಿದ್ಯೆ ಬಲ್ಲವರು ವಿರಳರಾಗುತ್ತಿದ್ದಾರೆ. ಅಂಥ ಕೈ ಸಿಕ್ಕರೆ ಕೆಲಸ ಮಾಡಿಸಿಕೊಳ್ಳುವುದರ ಜೊತೆಗೆ ಒಬ್ಬ ಹುಡುಗನನ್ನು ಪಕ್ಕದಲ್ಲಿ ಕಲಿಯಲು ನಿಲ್ಲಿಸುವುದೂ ಪುನರುದ್ಧಾರದ ಭಾಗವೇ.

ಶಕ್ತಿಮಾನ್‌ಗೆ ಪರವಾನಗಿ ಕೊಟ್ಟ ಮ್ಯಾನ್ ಸಂಸ್ಥೆಯ ಆ ಕಾಲದ ಡೀಸೆಲ್ ಎಂಜಿನ್‌ಗಳಲ್ಲಿ ಹೆಸರಾದದ್ದು ‘ಎಂ’ ಪದ್ಧತಿ: ಪಿಸ್ಟನ್ನಿನ ತಲೆಯಲ್ಲಿರುವ ದುಂಡುಗುಳಿಯ ಗೋಡೆಗೆ ಇಂಧನ ಸಿಂಪಡಿಸಿ, ಅದು ಆವಿಯಾಗುತ್ತ ಉರಿಯುವಂತೆ ಮಾಡುವುದು. ಇಂಥ ಎಂಜಿನ್ನಿಗೆ ಪಿಸ್ಟನ್ ಕೊಳ್ಳುವಾಗ ಗುಳಿಯ ಆಕಾರವೂ ನಾಝಲಿನ ಕೋನವೂ ಮೂಲದಂತೆಯೇ ಇರಬೇಕು. ವ್ಯಾಸ ಹೊಂದಿದರಷ್ಟೇ ಸಾಲದು. ಡೀಸೆಲ್ ಪಂಪನ್ನು ಪರೀಕ್ಷಾ ಬೆಂಚಿನ ಮೇಲೆ ಕ್ಯಾಲಿಬ್ರೇಟ್ ಮಾಡಿಸದೆ ಎಂಜಿನ್ನಿಗೆ ಕೂರಿಸಬಾರದು. ಪಂಪಿನ ರ‍್ಯಾಕ್ ಸಿಕ್ಕಿಕೊಂಡರೆ ಎಂಜಿನ್ ಹಿಡಿತ ಮೀರಿ ಓಡಿ ಸಿಡಿಯಬಹುದು. ಆದ್ದರಿಂದ ಮೊದಲ ಚಾಲನೆಯ ವೇಳೆ ಗಾಳಿ ಒಳಸೇರುವ ಬಾಯಿಯನ್ನು ಮುಚ್ಚಲು ದಪ್ಪ ಹಲಗೆ ಹಿಡಿದು ಒಬ್ಬರು ಸಿದ್ಧವಾಗಿರಬೇಕು.

ಟಾಟ್ರಾ ಎಂಜಿನ್ನಿಗೆ ರೇಡಿಯೇಟರೇ ಇಲ್ಲ. ಅದನ್ನು ತಣಿಸುವುದು ಗಾಳಿ. 120 ಮಿ.ಮೀ. ಬೋರ್, 140 ಮಿ.ಮೀ. ಸ್ಟ್ರೋಕಿನ ಸಿಲಿಂಡರುಗಳು ಎಂಟಿದ್ದರೆ 12.7 ಲೀಟರ್, ಹತ್ತಿದ್ದರೆ 15.8 ಲೀಟರ್, ಹನ್ನೆರಡಿದ್ದರೆ 19 ಲೀಟರ್. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಹೆಡ್ ಇರುವುದರಿಂದ ಒಂದೊಂದನ್ನೇ ಬಿಚ್ಚಿ ಸರಿಪಡಿಸಬಹುದು. ಅದರ ಶತ್ರು ದೂಳು. ತಂಪಿನ ರೆಕ್ಕೆಗಳ ನಡುವೆ ಎಣ್ಣೆ–ದೂಳಿನ ಪದರ ಕಟ್ಟಿದರೆ ಸಿಲಿಂಡರು ಒಳಗೊಳಗೇ ಸುಟ್ಟುಹೋಗುತ್ತದೆ.

ನೀರಿನಿಂದ ತಣಿಯುವ ಎಂಜಿನ್‌ಗಳಿಗೆ ಕೋಲಾರದ ದೊಡ್ಡ ಪರೀಕ್ಷೆ ಕೊಳವೆಬಾವಿಯ ನೀರು. ಸಾವಿರ ಅಡಿ ಆಳದಿಂದ ಬರುವ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಕರೆಯೇ ಸಿಲಿಂಡರಿನ ಸುತ್ತಲೂ ಕೂರುತ್ತದೆ. ಶಾಖ ಹೊರಬಾರದೆ ಹೆಡ್ ಸೊಟ್ಟಗಾಗುತ್ತದೆ. ನಿಂಬೆಹುಳಿಯ ಹರಳನ್ನು ಕರಗಿಸಿ ಕರೆ ತೆಗೆದು, ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದ ಮೇಲೆ, ಬಟ್ಟಿ ಇಳಿಸಿದ ನೀರು ಮತ್ತು ಕೂಲೆಂಟ್ ಮಾತ್ರ ಬಳಸಬೇಕು. ಇಲ್ಲಿ ಉಳಿಸುವ ಕೆಲವು ನೂರು ರೂಪಾಯಿ ಮುಂದೆ ಒಂದು ಬ್ಲಾಕನ್ನೇ ನುಂಗುತ್ತದೆ.

ಪೆಟ್ರೋಲಿನ ಗುಣವೂ ಬದಲಾಗಿದೆ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ವಾಲ್ವ್ ಸೀಟಿನ ಸವೆತ ತಡೆಯುತ್ತಿದ್ದ ಸೀಸ ಈಗಿಲ್ಲದ ಕಾರಣ, ಹೆಡ್ ಅಥವಾ ಬ್ಲಾಕ್ ಕೆಲಸಕ್ಕೆ ಬಂದಾಗಲೇ ಎಕ್ಸಾಸ್ಟ್ ವಾಲ್ವುಗಳಿಗೆ ಗಡಸು ಸೀಟ್ ಹಾಕಿಸುವುದು ಒಳ್ಳೆಯದು. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ರಬ್ಬರ್ ಪೈಪು, ಡಯಾಫ್ರಂ, ಬಿರಡೆಯ ಪ್ಯಾಕಿಂಗುಗಳನ್ನು ಕೆಡಿಸುತ್ತದೆ. ಎಥನಾಲ್ ತಾಳುವ ಪೈಪು ಹಾಕಬೇಕು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲಿಸಬಾರದು.

ಗೇರ್‌ಬಾಕ್ಸ್

ಗೇರ್‌ಬಾಕ್ಸ್ ಬಿಚ್ಚುವ ಮುನ್ನ ಅದರ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಬೇಕು. ಬೂದು ಬಣ್ಣದ ನುಣುಪು ಕೆಸರು ಸಾಮಾನ್ಯ ಸವೆತ. ಹಳದಿ ಹೊಳಪಿನ ಚೂರು ಕಂಡರೆ ಹಿತ್ತಾಳೆ–ಕಂಚಿನ ಬುಷ್ ಸವೆದಿದೆ. ಮೂಲೆ ಚೂಪಾದ ಉಕ್ಕಿನ ತುಣುಕು ಸಿಕ್ಕರೆ ಹಲ್ಲು ಮುರಿದಿದೆ.

ಯುದ್ಧಕಾಲದ ಕೆನಡಾ ಲಾರಿಗಳ ನಾಲ್ಕು ಗೇರಿನ ಪೆಟ್ಟಿಗೆಗಳಿಗೆ ಸಿಂಕ್ರೊ ಇಲ್ಲ. ಗೇರು ಬದಲಿಸುವಾಗ ಹಲ್ಲುಗಳ ವೇಗ ಹೊಂದದಿದ್ದರೆ ಅಂಚು ಉದುರುತ್ತದೆ. ಎತ್ತರದ ಗೇರಿನಿಂದ ಇಳಿಸುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ತುಸು ಒತ್ತಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕುವ ‘ಡಬಲ್ ಕ್ಲಚ್’ ಅಭ್ಯಾಸ ಹಳೆಯ ಡ್ರೈವರುಗಳಿಗೆ ಕರಗತವಾಗಿತ್ತು. ಜಿಎಂಸಿಯ ಎರಡೂವರೆ ಟನ್ನಿನ ಆರು ಚಕ್ರದ ಲಾರಿಯಲ್ಲಿ ಐದು ಗೇರುಗಳು, ಜೊತೆಗೆ ಹೈ–ಲೋ ಇರುವ ಟ್ರಾನ್ಸ್‌ಫರ್ ಕೇಸ್.

ಬೇರಿಂಗು ದೊಡ್ಡ ಸಮಸ್ಯೆಯಲ್ಲ. ಅಂಚಿನಲ್ಲಿ ಕೊರೆದ ಸಂಖ್ಯೆ ಅಥವಾ ಅಳತೆ ಹಿಡಿದು ಹುಡುಕಿದರೆ ಬಹುಪಾಲು ಸಿಗುತ್ತವೆ. ಆಯಿಲ್ ಸೀಲೂ ಹಾಗೆಯೇ. ಗೇರು ಹೋಗಿದ್ದರೆ ಮಾತ್ರ ಕಷ್ಟ. ಮುರಿದ ಹಲ್ಲಿಗೆ ವೆಲ್ಡಿಂಗ್ ತುಂಬಿ ಅರದಿಂದ ಉಜ್ಜಿ ಕೂರಿಸುವುದು ಹಲವೆಡೆ ಇರುವ ರೂಢಿ. ಗೇರಿನ ಹೊರಪದರವನ್ನು ಗಡಸು ಮಾಡಿರುತ್ತಾರೆ; ವೆಲ್ಡಿಂಗಿನ ಬಿಸಿ ಆ ಗಡಸುತನವನ್ನು ಕಳೆಯುತ್ತದೆ. ಸರಿಯಾದ ಉಕ್ಕಿನಲ್ಲಿ ಹೊಸ ಗೇರು ಕಡಿಸಿ, ಪದರ ಗಡಸು ಮಾಡಿಸಿ, ಗ್ರೈಂಡ್ ಮಾಡಿಸುವುದೇ ಶಾಶ್ವತ ಪರಿಹಾರ. ಎಣ್ಣೆಯ ಆಯ್ಕೆಯಲ್ಲೂ ಎಚ್ಚರ ಬೇಕು: ಹೊಸ ಕಾಲದ ತೀವ್ರ ಒತ್ತಡದ ಗೇರ್ ಎಣ್ಣೆಗಳಲ್ಲಿರುವ ಗಂಧಕ ಕಂಚಿನ ಬುಷ್‌ಗಳನ್ನು ತಿನ್ನಬಲ್ಲದು, ಹಳೆಯ ಪೆಟ್ಟಿಗೆಗೆ ಜಿಎಲ್–4 ದರ್ಜೆಯ 90 ಎಣ್ಣೆ ಹೆಚ್ಚು ಕ್ಷೇಮ.

ಮುಂದಿನ ಆಕ್ಸಲಿಗೂ ಶಕ್ತಿ ಜೋಡಿಸಿ ಡಾಂಬರು ರಸ್ತೆಯಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಬೇರೆಬೇರೆ ದೂರ ಉರುಳುವುದರಿಂದ ಟ್ರಾನ್ಸ್‌ಫರ್ ಕೇಸಿನಲ್ಲಿ ತಿರುಚು ಬಲ ಕೂಡಿಕೊಂಡು ಶಾಫ್ಟ್ ಮುರಿಯುತ್ತದೆ. ಟಾಟ್ರಾದ ರಚನೆ ಇವೆಲ್ಲಕ್ಕಿಂತ ಭಿನ್ನ: ನಡುವೆ ಬೆನ್ನೆಲುಬಿನಂಥ ಕೊಳವೆ, ಅದರೊಳಗೆ ಶಾಫ್ಟ್, ಎರಡೂ ಬದಿಗೆ ಬಿಡಿಬಿಡಿಯಾಗಿ ಆಡುವ ಅರ್ಧ ಆಕ್ಸಲುಗಳು. ಅಲ್ಲಿ ಕೊಳವೆಯ ಜೋಡಣೆ ಮತ್ತು ಸೀಲುಗಳೇ ಮೊದಲ ತಪಾಸಣೆಯ ಜಾಗ.

ಬಣ್ಣ

ಬಣ್ಣ ಕೀಳುವ ಮುನ್ನ ಬಣ್ಣ ಓದಬೇಕು. ಬಾಗಿಲು, ಬಂಪರ್, ಹಿಂಬಾಗಿಲುಗಳಲ್ಲಿ ಅಂಗೈಯಗಲದ ಜಾಗವನ್ನು ನೀರು ಹಾಕಿ ನಯವಾದ ಎಮರಿ ಕಾಗದದಿಂದ ಪದರಪದರವಾಗಿ ಉಜ್ಜಿದರೆ ಒಂದೊಂದು ಕಾಲದ ಬಣ್ಣ, ದಳದ ಚಿಹ್ನೆ, ಸಂಖ್ಯೆಗಳು ಹೊರಬರುತ್ತವೆ. ಯುದ್ಧಕಾಲದ ಬ್ರಿಟಿಷ್ ವಾಹನಗಳಿಗೆ 1944ರಿಂದ ಎಸ್‌ಸಿಸಿ 15 ಎಂಬ ಮಂದ ಹಸಿರು ನಿಗದಿಯಾಗಿತ್ತು. ಭಾರತೀಯ ಮಾನಕ ಐಎಸ್ 5ರ ಬಣ್ಣಪಟ್ಟಿಯಲ್ಲಿ ಆಲಿವ್ ಗ್ರೀನ್ ಸಂಖ್ಯೆ 220. ಸೇನಾ ಬಣ್ಣದ ಕೆಳಗೋ ಮೇಲೋ ಟಿಂಬರ್ ಲಾರಿಯ ಕಾಲದ ಬಣ್ಣ ಸಿಕ್ಕರೆ ಅದನ್ನೂ ಕಸವೆಂದು ತಳ್ಳಬಾರದು. ಸೇನೆಯಲ್ಲಿ ಕಳೆದ ವರ್ಷಗಳಷ್ಟೇ ಊರಿನಲ್ಲಿ ದುಡಿದ ವರ್ಷಗಳೂ ಆ ಗಾಡಿಯ ಚರಿತ್ರೆ.

ಚಾಸಿಯಂಥ ದಪ್ಪ ಭಾಗಕ್ಕೆ ಬ್ಲಾಸ್ಟಿಂಗ್ ಸರಿ. ಕ್ಯಾಬಿನ್ನಿನ ತೆಳು ತಗಡು ಅದರಿಂದ ಅಲೆಅಲೆಯಾಗುತ್ತದೆ, ಅಲ್ಲಿ ಬಣ್ಣ ಕೀಳುವ ರಾಸಾಯನಿಕವೇ ಲೇಸು. ತುಕ್ಕು ತಿಂದ ತಗಡನ್ನು ಕತ್ತರಿಸಿ ಅದೇ ದಪ್ಪದ ತಗಡು ಬೆಸೆಯಬೇಕು. ಪುಟ್ಟಿ ತುಂಬಿ ಮುಚ್ಚಿದ ತೂತು ಮತ್ತೆ ಬಾಯಿ ಬಿಡುತ್ತದೆ. ಬರಿ ಲೋಹ ಕಂಡ ದಿನವೇ ಪ್ರೈಮರ್ ಬೀಳಬೇಕು. ಮೇಲಿನ ಬಣ್ಣ ಹೊಳೆಯಬಾರದು. ಶತ್ರುವಿನ ಕಣ್ಣಿಗೆ ಬೀಳದಿರಲೆಂದೇ ಮಿಲಿಟರಿ ಬಣ್ಣ ಮಂದ. ಕನ್ನಡಿಯಂತೆ ಮಿಂಚಿಸುವ ಅಭ್ಯಾಸವಿರುವ ಲಾರಿ ಪೇಂಟರುಗಳಿಗೆ ಇದನ್ನು ಮೊದಲೇ ತಿಳಿಸಿರಬೇಕು. ಈ ಸೀಮೆಯಲ್ಲಿ ಸ್ಪ್ರೇ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ದಿನಗಳು ಅನುಕೂಲ. ಆಷಾಢದ ಗಾಳಿ ದೂಳನ್ನು ತಂದು ಹಸಿ ಬಣ್ಣಕ್ಕೆ ಮೆತ್ತುತ್ತದೆ.

ಸುರಕ್ಷತೆ

ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಬ್ರೇಕ್ ಲೈನರ್ ಮತ್ತು ಕ್ಲಚ್ ಪ್ಲೇಟಿನಲ್ಲಿ ಕಲ್ನಾರು ಇರಬಹುದು. ಎರಡನ್ನೂ ಒಣಗಿದ್ದಾಗ ಉಜ್ಜಬಾರದು, ಗಾಳಿ ಊದಬಾರದು; ಒದ್ದೆ ಮಾಡಿ, ಸರಿಯಾದ ಮುಖಗವಸು ತೊಟ್ಟೇ ಕೆಲಸ ಮಾಡಬೇಕು. ಬ್ಲಾಸ್ಟಿಂಗಿಗೆ ಮರಳು ಬಳಸಿದರೆ ಸಿಲಿಕಾ ದೂಳು ಶ್ವಾಸಕೋಶ ಸೇರುತ್ತದೆ. ಚಿನ್ನದ ಗಣಿಯ ಕಾರ್ಮಿಕರನ್ನು ಸಿಲಿಕೋಸಿಸ್ ಹೇಗೆ ಹಿಂಡಿತೆಂದು ಕಂಡ ಜಿಲ್ಲೆಯಿದು. ಅದೇ ಕಾಯಿಲೆ ಇನ್ನೊಂದು ಕಸುಬಿನ ಮೂಲಕ ಮರಳಿ ಬರಬಾರದು. ಯುದ್ಧಕಾಲದ ಲಾರಿಗಳ ಕೆಲವು ಚಕ್ರಗಳು ಎರಡು ಹೋಳುಗಳನ್ನು ಬೋಲ್ಟಿನಿಂದ ಬಿಗಿದವು. ಗಾಳಿ ತೆಗೆಯದೆ ಆ ಬೋಲ್ಟ್ ಬಿಚ್ಚಿದರೆ ಹೋಳು ಸಿಡಿದು ಪ್ರಾಣ ಹೋಗುತ್ತದೆ. ಚಕ್ರವನ್ನು ಗಾಡಿಗೆ ಹಿಡಿದಿರುವ ನಟ್ಟು ಯಾವುದು, ಹೋಳುಗಳನ್ನು ಹಿಡಿದಿರುವುದು ಯಾವುದು ಎಂದು ಬಣ್ಣದಿಂದ ಗುರುತಿಟ್ಟುಕೊಳ್ಳಬೇಕು.

ಕಾನೂನು

ಸೇನೆಯ ಬಳಕೆಯಿಂದ ಹೊರಬಂದ ವಾಹನ 1988ರ ಮೋಟಾರು ವಾಹನ ಕಾಯ್ದೆಯ 60ನೇ ಕಲಮಿನಂತೆ ಸಾಮಾನ್ಯ ನೋಂದಣಿ ಪಡೆಯಬೇಕು. ಹರಾಜಿನ ಮಾರಾಟ ಪತ್ರವಿಲ್ಲದ ಲಾರಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು. ಕೋಲಾರದ ಸಾರಿಗೆ ಕಚೇರಿಯ ಸಂಕೇತ ಕೆಎ–07, ಕೆಜಿಎಫ್‌ನದು ಕೆಎ–08.

2021ರಲ್ಲಿ ತಿದ್ದುಪಡಿಯಾದ ಕೇಂದ್ರ ನಿಯಮಗಳು 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಸರಣಿಯ ಸಂಖ್ಯೆ ಕೊಡುತ್ತವೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಚಾಸಿ, ದೇಹ, ಎಂಜಿನ್‌ಗಳು ಗಣನೀಯವಾಗಿ ಬದಲಾಗಿರಬಾರದೆಂಬುದು ಅದರ ಷರತ್ತು. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಲಾರಿಯಂಥ ಸರಕು ವಾಹನ ಈ ಸರಣಿಗೆ ಸೇರುವುದೇ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿಯುವುದು ಜಾಣತನ.

ಬಣ್ಣದ ವಿಚಾರದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಸ್ಪಷ್ಟ: ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಬಾಣದ ಗುರುತಿನ ಸಂಖ್ಯೆಯನ್ನೂ ಖಾಸಗಿಯವರು ರಸ್ತೆಯಲ್ಲಿ ಬಳಸುವಂತಿಲ್ಲ. ರಸ್ತೆಗಿಳಿಯುವ ಗಾಡಿಗೆ ಅದರ ನಾಗರಿಕ ಜೀವನದ ಬಣ್ಣವನ್ನೇ ಆರಿಸಿ, ಸೇನಾ ಬಣ್ಣದ ಸಣ್ಣ ಭಾಗವೊಂದನ್ನು ಕ್ಯಾಬಿನ್ನಿನ ಒಳಗೆ ಹಾಗೆಯೇ ಕಾಪಾಡಿದರೆ ಕಾನೂನಿಗೂ ಚರಿತ್ರೆಗೂ ನಿಷ್ಠೆ ಸಲ್ಲುತ್ತದೆ.

ಮಹತ್ವ

ಕರ್ನಾಟಕದಲ್ಲಿ ಹಳೆಯ ಕಾರುಗಳಿಗೆ ಧರ್ಮಸ್ಥಳದ ಸಂಗ್ರಹದಂಥ ಆಶ್ರಯವಿದೆ. ದುಡಿದು ಸವೆದ ಲಾರಿಗಳಿಗೆ ಅಂಥ ಅಕ್ಕರೆ ಇನ್ನೂ ದೊರೆಯಬೇಕಾಗಿದೆ. ಗಡಿಗೆ ಅನ್ನ, ಮದ್ದು, ಯೋಧರನ್ನು ಹೊತ್ತವು ಇವೇ. ಕಾಡು ಮೇಡುಗಳಲ್ಲಿ ನಾಡು ಕಟ್ಟುವ ಸಾಮಗ್ರಿ ಎಳೆದವೂ ಇವೇ.

ಕೋಲಾರ ಸೀಮೆ ಈ ಕೆಲಸಕ್ಕೆ ತಕ್ಕ ಜಾಗ. ಬಿಳಿಲೋಹ ಹೊಯ್ಯಬಲ್ಲ, ಹಲ್ಲಿನ ಸದ್ದಿನಿಂದ ಗೇರಿನ ರೋಗ ಹೇಳಬಲ್ಲ ಹಿರಿಯರು ಈಗಲೂ ಇರುವಾಗಲೇ ಐಟಿಐ ವಿದ್ಯಾರ್ಥಿಗಳ ಕೈಗೆ ಇಂಥ ಒಂದು ಲಾರಿ ಕೊಟ್ಟು, ಗಣಿ ಮತ್ತು ಕಾರ್ಖಾನೆಗಳಿಂದ ನಿವೃತ್ತರಾದವರನ್ನು ಗುರುಗಳಾಗಿ ಕೂರಿಸಿದರೆ, ಒಂದು ಎಂಜಿನ್ನಿನಲ್ಲೇ ಲೋಹಶಾಸ್ತ್ರ, ಅಳತೆ, ಇಂಧನ, ಇತಿಹಾಸ ನಾಲ್ಕನ್ನೂ ಕಲಿಸಬಹುದು. ಬಿಚ್ಚಿದ ಕ್ರಮ, ತೆಗೆದ ಅಳತೆ, ಬದಲಿಸಿದ ಭಾಗ ಎಲ್ಲವನ್ನೂ ಕನ್ನಡದಲ್ಲೇ ಬರೆದಿಟ್ಟರೆ ಮುಂದಿನ ಲಾರಿಯನ್ನು ಕೈಗೆತ್ತಿಕೊಳ್ಳುವವರು ಮೊದಲಿನಿಂದ ತಡಕಾಡಬೇಕಿಲ್ಲ. ಯಂತ್ರವನ್ನು ಉಳಿಸಿ ಅದನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಕಳೆದುಕೊಂಡರೆ ಆ ಪುನರುದ್ಧಾರ ಅರ್ಧದಲ್ಲೇ ನಿಂತಂತೆ.